ಪೆಟ್ಟಿಗೆಯ ಮೇಲೆ ‘ಕಂಪ್ಲೀಟ್’ ಎಂದಿದ್ದರೆ: ಜಾಝ್ ಬಾಕ್ಸ್ ಸೆಟ್ ಕೊಳ್ಳುವ ಮುನ್ನ

ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ತಮ್ಮ ಹೆಸರಿನಲ್ಲಿ ಬ್ಲೂ ನೋಟ್ ಕಂಪನಿಗೆ ನುಡಿಸಿದ್ದು 1947ರಿಂದ 1952ರವರೆಗೆ ಮಾತ್ರ. ಅಲ್ಲಿಂದ ಪ್ರೆಸ್ಟೀಜ್‌ಗೆ ಹೋದರು, 1955ರಲ್ಲಿ ರಿವರ್‌ಸೈಡ್‌ಗೆ, 1962ರಲ್ಲಿ ಕೊಲಂಬಿಯಾಕ್ಕೆ. ಹಾಗಾಗಿ ‘ಮಾಂಕ್ ಕಂಪ್ಲೀಟ್’ ಎಂಬ ಪೆಟ್ಟಿಗೆ (ಹಲವು ತಟ್ಟೆಗಳನ್ನು ಒಟ್ಟಿಗೆ ಮಾರುವ ಬಾಕ್ಸ್ ಸೆಟ್) ಕಣ್ಣಿಗೆ ಬಿದ್ದರೆ ಮೊದಲು ನೋಡಬೇಕಾದ್ದು ಅದು ಯಾವ ಕಂಪನಿಯ ಮಾಂಕ್ ಎಂಬುದನ್ನು. ಬ್ಲೂ ನೋಟ್‌ನ ಮಾಂಕ್ ನಾಲ್ಕು ಎಲ್‌ಪಿಗಳಲ್ಲಿ ಮುಗಿಯುತ್ತಾರೆ. ರಿವರ್‌ಸೈಡ್‌ನ ಮಾಂಕ್‌ಗೆ ಹದಿನೈದು ಸಿಡಿ ಬೇಕು. ಎರಡೂ ಪೆಟ್ಟಿಗೆಗಳ ಮೇಲೆ ‘ಕಂಪ್ಲೀಟ್’ ಎಂದೇ ಅಚ್ಚಾಗಿದೆ, ಎರಡೂ ಸುಳ್ಳಲ್ಲ.

ಜಾಝ್‌ನಲ್ಲಿ ಈ ‘ಕಂಪ್ಲೀಟ್’ಗೆ ಯಾವಾಗಲೂ ಒಂದು ಬೇಲಿ ಇರುತ್ತದೆ, ಆ ಬೇಲಿಯನ್ನು ಹಾಕಿದ್ದು ಸಂಗೀತವಲ್ಲ, ಒಪ್ಪಂದದ ಕಾಗದ. ಟೇಪು ಯಾರ ಸ್ವತ್ತೋ ಅವರು ತಮ್ಮಲ್ಲಿರುವುದನ್ನಷ್ಟೇ ಪೆಟ್ಟಿಗೆಗೆ ತುಂಬಬಲ್ಲರು. ಶೀರ್ಷಿಕೆಯನ್ನು ಓದುವಾಗ ಕಂಪನಿಯ ಹೆಸರು, ಇಸವಿ, ಸ್ಟುಡಿಯೋ ಮಾತ್ರವೋ ಕಛೇರಿಯೂ ಉಂಟೋ, ಕಲಾವಿದರು ನಾಯಕರಾಗಿ ನುಡಿಸಿದ್ದು ಮಾತ್ರವೋ ಬೇರೆಯವರ ತಂಡದಲ್ಲಿ ನುಡಿಸಿದ್ದೂ ಸೇರಿದೆಯೋ ಎಂಬುದನ್ನೆಲ್ಲ ಬಿಡಿಸಿ ನೋಡಬೇಕು. ‘ಸ್ಟುಡಿಯೋ ರೆಕಾರ್ಡಿಂಗ್ಸ್’ ಎಂದಿದ್ದರೆ ರೇಡಿಯೋ ಪ್ರಸಾರಗಳು ಹೊರಗೆ. ‘ಮಾಸ್ಟರ್ ಟೇಕ್ಸ್’ ಎಂದಿದ್ದರೆ ಉಳಿದ ಟೇಕುಗಳು (ಅದೇ ಹಾಡನ್ನು ಬೇರೆ ಸಲ ನುಡಿಸಿದವು) ಹೊರಗೆ.

ಈ ಬೇಲಿಯೊಳಗೆ ಕೂರಲಾರದ ಕಲಾವಿದರೂ ಇದ್ದಾರೆ. ಬಾಸ್ಟನ್‌ನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ನಮಗೆ ಪರಿಚಿತರು: ನಾಗಸ್ವರ ಕಲಿತವರು, ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ ‘ಜ್ಯೋತಿ’ಯನ್ನು ನುಡಿಸಿದವರು. ಅದನ್ನು 1983ರಲ್ಲಿ ಹೊರತಂದದ್ದು ಜರ್ಮನಿಯ ಇಸಿಎಂ ಕಂಪನಿ. ಅಮೆರಿಕದಲ್ಲೂ ಯೂರೋಪಿನಲ್ಲೂ ಅವರು ನುಡಿಸಿದ ಕಂಪನಿಗಳು ಅನೇಕ, ಹಕ್ಕುಗಳೆಲ್ಲ ಚದುರಿವೆ. ಅಂಥವರ ‘ಸಂಪೂರ್ಣ’ ಪೆಟ್ಟಿಗೆಗಾಗಿ ಕಾಯುವುದು ವ್ಯರ್ಥ. ಒಂದೊಂದಾಗಿ ಹುಡುಕಿ ಕೂಡಿಸಿಕೊಳ್ಳಬೇಕು.

ಮೊಸಾಯಿಕ್ ಹಾಕಿಕೊಟ್ಟ ದಾರಿ

1970ರ ದಶಕದ ನಡುವಿನಿಂದ ಮೈಕೇಲ್ ಕಸ್ಕೂನಾ ಎಂಬ ನಿರ್ಮಾಪಕರು ಬ್ಲೂ ನೋಟ್‌ನ ಉಗ್ರಾಣದಲ್ಲಿ ಕೂತು, ಬಿಡುಗಡೆಯೇ ಆಗದ ಟೇಪುಗಳನ್ನು ಹುಡುಕಿ ಪಟ್ಟಿ ಮಾಡತೊಡಗಿದರು. ಮಾಂಕ್ ನುಡಿಸಿದ್ದರಲ್ಲೂ ಯಾರೂ ಕೇಳದ ಒಂದಷ್ಟು ಸಿಕ್ಕಿತು, ಆದರೆ ಒಂದು ಎಲ್‌ಪಿ ತುಂಬುವಷ್ಟಿರಲಿಲ್ಲ. ಹೊಸದನ್ನು ಹಳೆಯದರ ಜೊತೆ ಸೇರಿಸಿ, ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಪೆಟ್ಟಿಗೆಯಲ್ಲಿ ಕೊಟ್ಟರಾಯಿತು ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಚಾರ್ಲಿ ಲೌರಿ ಅವರೊಂದಿಗೆ ಕಸ್ಕೂನಾ ಕಟ್ಟಿದ ಮೊಸಾಯಿಕ್ ರೆಕಾರ್ಡ್ಸ್ 1983ರಲ್ಲಿ ಅದನ್ನೇ ತನ್ನ ಮೊದಲ ಪೆಟ್ಟಿಗೆಯಾಗಿ ಹೊರತಂದಿತು.

ಮೊಸಾಯಿಕ್‌ನ ವ್ಯವಹಾರ ಸರಳ. ದೊಡ್ಡ ಕಂಪನಿಯಿಂದ ಇಂತಿಷ್ಟು ಪ್ರತಿಗಳಿಗೆ, ಇಂತಿಷ್ಟು ವರ್ಷಕ್ಕೆ ಎಂದು ಪರವಾನಗಿ ಪಡೆಯುವುದು. ಪೆಟ್ಟಿಗೆಗಳಿಗೆ ಕ್ರಮಸಂಖ್ಯೆ ಹಾಕಿ ಅಂಚೆಯಲ್ಲಿ ಮಾರುವುದು. ಮುಗಿದ ಮೇಲೆ ಮತ್ತೆ ಅಚ್ಚು ಹಾಕದಿರುವುದು. ಹಳೆಯ ಪೆಟ್ಟಿಗೆಗಳ ಬೆಲೆ ಏರುವುದು ಈ ಕಾರಣಕ್ಕೆ. ನ್ಯಾಟ್ ಕಿಂಗ್ ಕೋಲ್ ಟ್ರಯೋ (ಮೂವರ ತಂಡ) ಕ್ಯಾಪಿಟಲ್ ಕಂಪನಿಗೆ ಮಾಡಿದ ಧ್ವನಿಮುದ್ರಣಗಳ ಪೆಟ್ಟಿಗೆ (1991, ಸಿಡಿಯಲ್ಲಾದರೆ 18, ಎಲ್‌ಪಿಯಲ್ಲಾದರೆ 27) ಇಂದು ಸುಲಭಕ್ಕೆ ಕೈಗೆಟುಕುವುದಿಲ್ಲ. ಮಾರಾಟದ ಪಟ್ಟಿಯಲ್ಲಿ ಮೊಸಾಯಿಕ್‌ನ ಸಂಖ್ಯೆ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ: ಎಂಆರ್ ಎಂದರೆ ಎಲ್‌ಪಿ, ಎಂಡಿ ಎಂದರೆ ಸಿಡಿ, ಅದರ ಪಕ್ಕದ ಅಂಕಿ ತಟ್ಟೆಗಳ ಲೆಕ್ಕ. ಎಂಆರ್4-101 ಎಂದರೆ ನಾಲ್ಕು ಎಲ್‌ಪಿಗಳ ಮಾಂಕ್. ಮಾರುವವರು ಮೂರೇ ಎಲ್‌ಪಿಗಳ ಫೋಟೋ ಹಾಕಿದ್ದರೆ ಕೇಳಿಬಿಡಬೇಕು.

ಇಂಥ ಪೆಟ್ಟಿಗೆ ಒಬ್ಬ ಕಲಾವಿದನ ಚರಿತ್ರೆಯನ್ನೇ ಹೇಗೆ ತಿದ್ದಬಲ್ಲದು ಎನ್ನುವುದಕ್ಕೆ ಟೀನಾ ಬ್ರೂಕ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಟೆನರ್ ಸ್ಯಾಕ್ಸೋಫೋನ್ ವಾದಕರು 1958ರಿಂದ 1961ರ ನಡುವೆ ಬ್ಲೂ ನೋಟ್‌ಗೆ ನಾಯಕರಾಗಿ ನಾಲ್ಕು ಆಲ್ಬಮ್ ನುಡಿಸಿದರು. ಬದುಕಿದ್ದಾಗ ಹೊರಬಂದದ್ದು ‘ಟ್ರೂ ಬ್ಲೂ’ ಒಂದೇ. 1974ರಲ್ಲಿ ತೀರಿಕೊಂಡರು. 1985ರಲ್ಲಿ ಮೊಸಾಯಿಕ್ ನಾಲ್ಕನ್ನೂ ಒಟ್ಟಿಗೆ ತಂದಾಗಲೇ ಕೇಳುಗರಿಗೆ ಗೊತ್ತಾದದ್ದು, ಇವರು ಒಂದು ಆಲ್ಬಮ್ಮಿನ ಅದೃಷ್ಟವಂತರಲ್ಲ, ಪೂರ್ತಿ ಬೆಳೆದ ಸಂಗೀತಗಾರರು ಎಂದು. ಮೊದಲೇ ಸಿಗುತ್ತಿದ್ದ ಹತ್ತು ಆಲ್ಬಮ್‌ಗಳನ್ನು ಹೊಸ ರಟ್ಟಿನೊಳಗೆ ಜೋಡಿಸಿ ಮಾರುವ ಪೆಟ್ಟಿಗೆಗೂ ಇದಕ್ಕೂ ಅಜಗಜಾಂತರ. ಮೊದಲನೆಯದು ಅಗ್ಗವಾಗಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ.

ಒಂದೇ ಹಾಡು ಐದು ಸಲ ಏಕೆ?

ಹೊಸಬರು ಬೆಚ್ಚುವುದು ಇಲ್ಲಿ. ಸಿಡಿ ಹಾಕಿದರೆ ಒಂದೇ ಹಾಡು ಸಾಲಾಗಿ ಬರುತ್ತದೆ, ನಡುವೆ ಎರಡು ಅರ್ಧಕ್ಕೇ ನಿಲ್ಲುತ್ತವೆ. ಇದು ಅರ್ಥವಾಗಬೇಕಾದರೆ ಆ ಕಾಲದ ಕೆಲಸದ ರೀತಿ ಗೊತ್ತಿರಬೇಕು. ನಿಮಿಷಕ್ಕೆ 78 ಸುತ್ತಿನ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. (ಆ ತಟ್ಟೆಗೆ ಬೇಕಿದ್ದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ.) ಕಂಪನಿ ಪ್ರತಿಯೊಂದು ಹಾಡಿಗೂ ಒಂದು ಮ್ಯಾಟ್ರಿಕ್ಸ್ ಸಂಖ್ಯೆ ಕೊಡುತ್ತಿತ್ತು, ಆ ಹಾಡನ್ನು ಎಷ್ಟನೇ ಸಲ ನುಡಿಸಿದ್ದೆಂದು ತಿಳಿಸಲು ಅದರ ಪಕ್ಕದಲ್ಲಿ ಟೇಕ್ ಸಂಖ್ಯೆ. ತಟ್ಟೆಗೆ ಹೋದದ್ದು ಮಾಸ್ಟರ್, ಉಳಿದವು ಆಲ್ಟರ್ನೇಟ್ ಟೇಕ್, ನಿಂತುಹೋದವು ಬ್ರೇಕ್‌ಡೌನ್.

1945ರ ನವೆಂಬರ್ 26ರಂದು ನ್ಯೂಯಾರ್ಕ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಸವಾಯ್ ಕಂಪನಿಗೆ ನುಡಿಸಿದ ‘ಕೋಕೋ’ ನೋಡಿ. ಅದು ‘ಚೆರೋಕೀ’ ಎಂಬ ಜನಪ್ರಿಯ ಹಾಡಿನ ಸ್ವರಸಂಗತಿಯ (ಕಾರ್ಡ್‌ಗಳ) ಮೇಲೆ ಕಟ್ಟಿದ್ದು. ಮೊದಲ ಟೇಕ್‌ನಲ್ಲಿ ಪೀಠಿಕೆ ಮುಗಿಸಿ ತಂಡ ನೇರವಾಗಿ ‘ಚೆರೋಕೀ’ಯ ರಾಗಕ್ಕೇ ಇಳಿಯುತ್ತದೆ, ತಕ್ಷಣ ತಡೆದು ನಿಲ್ಲಿಸುತ್ತಾರೆ. ಮೂಲ ರಾಗ ನುಡಿಸಿದರೆ ಅದರ ಕರ್ತೃವಿಗೆ ರಾಯಲ್ಟಿ ಕೊಡಬೇಕು. ಸ್ವರಸಂಗತಿಗೆ ಮಾತ್ರ ಹಕ್ಕಿಲ್ಲ. ಎರಡನೇ ಟೇಕ್‌ನಲ್ಲಿ ರಾಗವೇ ಮಾಯ. ಪೀಠಿಕೆ ಮುಗಿಯುತ್ತಲೇ ಪಾರ್ಕರ್‌ರ ಸೋಲೋ, ಎಂದರೆ ಒಬ್ಬರೇ ಮನೋಧರ್ಮದಿಂದ ನುಡಿಸುವ ಭಾಗ. ಬೀಬಾಪ್ (1940ರ ದಶಕದ ಹೊಸ ಜಾಝ್ ಶೈಲಿ) ಎಂದು ಲೋಕ ಕೊಂಡಾಡಿದ ತಟ್ಟೆಯ ರೂಪಕ್ಕೆ ದುಡ್ಡಿನ ಲೆಕ್ಕವೂ ಒಂದು ಕಾರಣ ಎಂಬುದು, ಅರ್ಧಕ್ಕೆ ನಿಂತ ಆ ತುಣುಕು ಪೆಟ್ಟಿಗೆಯಲ್ಲಿ ಇರುವುದರಿಂದಲೇ ಕಿವಿಗೆ ಸಿಗುತ್ತದೆ. ಸವಾಯ್ ಮತ್ತು ಡಯಲ್ ಎರಡೂ ಕಂಪನಿಗಳಿಗೆ 1944ರಿಂದ 1948ರವರೆಗೆ ಪಾರ್ಕರ್ ಸ್ಟುಡಿಯೋದಲ್ಲಿ ನುಡಿಸಿದ್ದೆಲ್ಲ 2000ದಲ್ಲಿ ಎಂಟು ಸಿಡಿಗಳಾಗಿ ಬಂತು.

ಪಾರ್ಕರ್‌ರ ಆಲ್ಟರ್ನೇಟ್ ಟೇಕುಗಳಿಗೆ ಬೆಲೆ ಇರುವುದು ಅವರ ಸೋಲೋ ಪ್ರತಿ ಸಲವೂ ಬೇರೆಯಾಗಿರುತ್ತದೆ ಎಂಬುದಕ್ಕೆ. ಒಬ್ಬರೇ ವಿದ್ವಾಂಸರ ಕಲ್ಯಾಣಿಯನ್ನು ಮೂರು ಕಛೇರಿಗಳಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಎಲ್ಲರ ವಿಷಯದಲ್ಲೂ ಹೀಗಲ್ಲ. ಬರೆದಿಟ್ಟ ಸ್ವರವನ್ನೇ ನುಡಿಸುವ ದೊಡ್ಡ ಬ್ಯಾಂಡ್‌ಗಳಲ್ಲಿ ಎರಡು ಟೇಕ್‌ಗಳ ನಡುವಿನ ವ್ಯತ್ಯಾಸ ತಾಳದ ಎಂಟು ಆವರ್ತದ (ಬಾರ್) ಒಂದು ಸೋಲೋದಷ್ಟೇ ಇರಬಹುದು. ಫ್ರಾನ್ಸಿನ ‘ಕ್ಲಾಸಿಕ್ಸ್’ ಸಂಸ್ಥೆ ತನ್ನ ಕಾಲಾನುಕ್ರಮದ ಸಿಡಿ ಮಾಲಿಕೆಯಲ್ಲಿ ಆಲ್ಟರ್ನೇಟ್ ಟೇಕುಗಳನ್ನು ಪೂರ್ತಿ ಕೈಬಿಟ್ಟು, ಬಿಡುಗಡೆಯಾದ ಮಾಸ್ಟರ್‌ಗಳನ್ನಷ್ಟೇ ತಾರೀಖಿನ ಸಾಲಿಗೆ ಕೊಟ್ಟಿತು. 1930ರ ದಶಕದ ಸ್ವಿಂಗ್ ಬ್ಯಾಂಡ್‌ಗಳಿಗೆ ಬಹಳ ಕೇಳುಗರಿಗೆ ಅಷ್ಟು ಸಾಕು.

ಟೇಕುಗಳನ್ನು ಜೋಡಿಸುವುದರಲ್ಲಿ ಎರಡು ಪದ್ಧತಿ ಇದೆ. ಸ್ಟುಡಿಯೋದಲ್ಲಿ ನುಡಿಸಿದ ಕ್ರಮದಲ್ಲೇ ಎಲ್ಲವನ್ನೂ ಇಡುವುದು ಒಂದು. ಮಾಸ್ಟರ್‌ಗಳನ್ನು ಮೊದಲು ಕೊಟ್ಟು ಉಳಿದವನ್ನು ಕೊನೆಯ ಸಿಡಿಗಳಿಗೆ ತಳ್ಳುವುದು ಇನ್ನೊಂದು. ಅಭ್ಯಾಸ ಮಾಡುವವರಿಗೆ ಮೊದಲನೆಯದು ಬೇಕು, ಸಂಜೆ ಕೂತು ಕೇಳುವವರಿಗೆ ಎರಡನೆಯದು. ಕೊಳ್ಳುವ ಮುನ್ನ ಹಾಡುಪಟ್ಟಿ ನೋಡಿದರೆ ಇದು ತಿಳಿಯುತ್ತದೆ. ಕ್ರಮ ಹಿಡಿಸದಿದ್ದರೆ ಕಂಪ್ಯೂಟರಿಗೆ ಇಳಿಸಿಕೊಂಡು ನಮಗೆ ಬೇಕಾದ ಹಾಗೆ ಪಟ್ಟಿ ಮಾಡಿಕೊಳ್ಳಬಹುದು, ಹಾಗಾಗಿ ಇದೊಂದೇ ಕಾರಣಕ್ಕೆ ಒಳ್ಳೆಯ ಪೆಟ್ಟಿಗೆಯನ್ನು ಬಿಡಬೇಕಿಲ್ಲ.

ಧ್ವನಿಮುದ್ರಣವೇ ಆಗದ ಸಂಗೀತದ ಮಾತೇ ಬೇರೆ. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಸಂಘ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ಡೆಕ್ಕಾ ಒಂದು ವರ್ಷದ ಮೇಲೆ ರಾಜಿಗೆ ಬಂದರೂ ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರ್‌ವರೆಗೆ ಜಗ್ಗಲಿಲ್ಲ. ಬೀಬಾಪ್ ಮೊಳಕೆಯೊಡೆದದ್ದು ಸರಿಯಾಗಿ ಆಗಲೇ. ಯಾವ ಪೆಟ್ಟಿಗೆಯೂ ಆ ಕಂದಕವನ್ನು ತುಂಬಲಾರದು. ಇದಕ್ಕೆ ತದ್ವಿರುದ್ಧ ತುದಿಯಲ್ಲಿದ್ದವರು ಡೀನ್ ಬೆನೆಡೆಟ್ಟಿ. ಇವರು 1947–48ರಲ್ಲಿ ಕ್ಲಬ್ಬುಗಳಿಗೆ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಹೋಗಿ ಪಾರ್ಕರ್ ನುಡಿಸುವಾಗ ಮಾತ್ರ ಅದನ್ನು ಚಾಲೂ ಮಾಡಿ, ಬೇರೆಯವರ ಸರದಿ ಬಂದೊಡನೆ ನಿಲ್ಲಿಸುತ್ತಿದ್ದರು. 1990ರಲ್ಲಿ ಮೊಸಾಯಿಕ್ ಅದನ್ನೆಲ್ಲ ಏಳು ಸಿಡಿಗಳಲ್ಲಿ ತಂದಿತು. ತುಂಡು ತುಂಡಾದ, ಗೊರಗೊರ ಸದ್ದಿನ ಆ ಪೆಟ್ಟಿಗೆ ಸ್ಯಾಕ್ಸೋಫೋನ್ ಕಲಿಯುವವರಿಗೆ ನಿಧಿ. ಉಳಿದವರು ಅದನ್ನು ಕೊಂಡರೆ ಒಂದು ಸಿಡಿ ಕೇಳಿ ಕಪಾಟಿಗೆ ಏರಿಸುತ್ತಾರೆ.

ಕಛೇರಿಯ ಪೆಟ್ಟಿಗೆಗಳು

ಹಣ ಕೊಟ್ಟಿದ್ದಕ್ಕೆ ಪೂರ್ತಿ ಸಿಗುವುದು ಕಛೇರಿಯ ಪೆಟ್ಟಿಗೆಗಳಲ್ಲಿ. ಮೊದಲ ಪೆಟ್ಟಿಗೆ ಯಾವುದು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಅನುಮಾನವಿಲ್ಲದೆ ಹೇಳಬಹುದಾದ್ದು ಬಿಲ್ ಎವನ್ಸ್ ಟ್ರಯೋದ ವಿಲೇಜ್ ವ್ಯಾನ್‌ಗಾರ್ಡ್, 1961. ಜೂನ್ 25ರ ಭಾನುವಾರ ನ್ಯೂಯಾರ್ಕ್‌ನ ಆ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಪಿಯಾನೋದ ಎವನ್ಸ್, ಬಾಸ್‌ನ ಸ್ಕಾಟ್ ಲಾಫಾರೋ, ಡ್ರಮ್ಸ್‌ನ ಪಾಲ್ ಮೋಷಿಯನ್ ಮಧ್ಯಾಹ್ನ ಎರಡು, ಸಂಜೆ ಮೂರು, ಒಟ್ಟು ಐದು ಸುತ್ತು ನುಡಿಸಿದರು. ರಿವರ್‌ಸೈಡ್‌ನ ಓರಿನ್ ಕೀಪ್‌ನ್ಯೂಸ್ ಎಲ್ಲವನ್ನೂ ಟೇಪಿಗೆ ಹಿಡಿಸಿದರು. ಜುಲೈ 6ರಂದು ಲಾಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು, ಇಪ್ಪತ್ತೈದರ ವಯಸ್ಸಿನಲ್ಲಿ.

ಆಮೇಲೆ ಬಂದ ಮೊದಲ ಎಲ್‌ಪಿಗೆ ಹಾಡುಗಳನ್ನು ಆರಿಸಿದ್ದು ಲಾಫಾರೋ ಅವರ ನೆನಪಿಗೆ, ಅವರ ಬಾಸ್ ಮುಂದೆ ಕೇಳಿಸುವ ಹಾಗೆ. ಅವರದೇ ರಚನೆಗಳಾದ ‘ಗ್ಲೋರಿಯಾಸ್ ಸ್ಟೆಪ್’ ಮತ್ತು ‘ಜೇಡ್ ವಿಷನ್ಸ್’ ಅದರ ಮೊದಲು ಮತ್ತು ಕೊನೆ. ಮಿಕ್ಕವುಗಳಲ್ಲಿ ಕೆಲವು ‘ವಾಲ್ಟ್ಜ್ ಫಾರ್ ಡೆಬಿ’ ಎಂಬ ಎರಡನೇ ಎಲ್‌ಪಿಗೆ ಹೋದವು. ಎರಡೂ ಅದ್ಭುತವೇ, ಆದರೆ ಎರಡರಲ್ಲೂ ಆ ದಿನದ ಕ್ರಮವಿಲ್ಲ. 2005ರ ಮೂರು ಸಿಡಿಗಳ ಪೆಟ್ಟಿಗೆ ಐದೂ ಸುತ್ತುಗಳನ್ನು ನಡೆದ ಹಾಗೆಯೇ ಕೊಡುತ್ತದೆ, ಜನರ ಮಾತು, ಗಾಜಿನ ಸದ್ದು ಸಮೇತ. ಮೊದಲ ‘ಗ್ಲೋರಿಯಾಸ್ ಸ್ಟೆಪ್’ನ ನಡುವೆ ಕರೆಂಟ್ ಹೋಗಿ ಟೇಪು ಕಡಿದಿದೆ, ಹಾಗೆಯೇ ಬಿಟ್ಟಿದ್ದಾರೆ. ‘ಆಲ್ ಆಫ್ ಯೂ’ ಮೂರು ಸಲ ಬರುತ್ತದೆ. ಮೂರನ್ನೂ ಒಂದೇ ಸಂಜೆ ಕೇಳಿ, ಬಾಸ್ ತಾಳ ಹಿಡಿಯುವುದನ್ನು ಎಲ್ಲಿ ಬಿಟ್ಟು ಪಿಯಾನೋಗೆ ಉತ್ತರ ಕೊಡತೊಡಗುತ್ತದೆ ಎಂಬುದೊಂದನ್ನೇ ಗಮನಿಸಿ. ಈ ತಂಡ ಯಾಕೆ ದೊಡ್ಡದು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಅದೇ ಕ್ಲಬ್ಬಿನಲ್ಲಿ ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ನಾಲ್ಕು ರಾತ್ರಿಗಳ ಕಛೇರಿಯನ್ನು ಧ್ವನಿಮುದ್ರಣಕಾರ ರೂಡಿ ವ್ಯಾನ್ ಗೆಲ್ಡರ್ ಅವರಿಂದ ಮುದ್ರಿಸಿಕೊಂಡರು. 1962ರ ಎಲ್‌ಪಿಯಲ್ಲಿ ಬಂದದ್ದು ಮೂರೇ ಹಾಡು. ‘ಇಂಡಿಯಾ’ ಎಂಬ ರಚನೆ 1963ರಲ್ಲಿ ಬೇರೊಂದು ಆಲ್ಬಮ್ಮಿನಲ್ಲಿ ಹೊರಬಂತು. 1997ರಲ್ಲಿ ಇಂಪಲ್ಸ್ ಕಂಪನಿ ನಾಲ್ಕು ಸಿಡಿಗಳಲ್ಲಿ ಎಲ್ಲವನ್ನೂ ತಂದಾಗ ರಾತ್ರಿಯಿಂದ ರಾತ್ರಿಗೆ ತಂಡ ಬದಲಾಗುವುದು ಕಾಣಿಸಿತು: ಒಂದು ರಾತ್ರಿ ಇಬ್ಬರು ಬಾಸ್, ಇನ್ನೊಂದು ರಾತ್ರಿ ಒಬ್ಬರು, ಜೊತೆಗೆ ಎರಿಕ್ ಡಾಲ್ಫಿಯವರ ಬಾಸ್ ಕ್ಲಾರಿನೆಟ್. ತುತ್ತೂರಿ ವಾದಕ ಮೈಲ್ಸ್ ಡೇವಿಸ್ ತಂಡದ ಪ್ಲಗ್ಡ್ ನಿಕಲ್ ಕ್ಲಬ್ಬಿನ ಪೆಟ್ಟಿಗೆಯೂ (ಷಿಕಾಗೋ, 1965ರ ಡಿಸೆಂಬರ್ 22 ಮತ್ತು 23, 1995ರಲ್ಲಿ ಎಂಟು ಸಿಡಿ) ಇದೇ ಜಾತಿಯದು. ಎರಡು ರಾತ್ರಿ, ಏಳು ಸುತ್ತು, ಮತ್ತೆ ಮತ್ತೆ ಅದೇ ಹಳೆಯ ಹಾಡುಗಳು, ಪ್ರತಿ ಸಲವೂ ಬಿಚ್ಚಿ ಬೇರೆಯೇ ಮಾಡಿ ಕಟ್ಟಿದ್ದು. ಇದನ್ನು ಮೊದಲ ಪೆಟ್ಟಿಗೆಯಾಗಿ ಕೊಳ್ಳಬೇಡಿ. ಮೂಲ ಹಾಡುಗಳು ಕಿವಿಯಲ್ಲಿ ಕೂತಿರದಿದ್ದರೆ ಅವನ್ನು ಬಿಚ್ಚಿದ್ದು ಗೊತ್ತೇ ಆಗುವುದಿಲ್ಲ.

ಮೈಲ್ಸ್ ಅವರ 1969ರ ಈಚಿನ ಸ್ಟುಡಿಯೋ ಪೆಟ್ಟಿಗೆಗಳ ಬಗ್ಗೆ ಎಚ್ಚರ ಬೇಕು. ಆ ಕಾಲದಲ್ಲಿ ತಂಡ ಗಂಟೆಗಟ್ಟಲೆ ನುಡಿಸುತ್ತಿತ್ತು, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಆಲ್ಬಮ್ ಮಾಡುತ್ತಿದ್ದವರು ನಿರ್ಮಾಪಕ ಟೀಯೋ ಮಸೇರೋ. 1971ರ ‘ಜ್ಯಾಕ್ ಜಾನ್ಸನ್’ ಎಲ್‌ಪಿಯಲ್ಲಿರುವುದು ಮಗ್ಗುಲಿಗೊಂದರಂತೆ ಎರಡೇ ತುಣುಕು. 2003ರ ಪೆಟ್ಟಿಗೆಯಲ್ಲಿ ಐದು ಸಿಡಿ. ನಾಲ್ಕೂ ಚಿಲ್ಲರೆ ಸಿಡಿಗಳ ತುಂಬ ಇರುವುದು ಕಚ್ಚಾ ಸಾಮಗ್ರಿ. ಕಟ್ಟಿ ಮುಗಿಸಿದ ಕೃತಿ ಕೊನೆಯ ಸಿಡಿಯಲ್ಲಿದೆ. ಗಿಟಾರಿನ ಜಾನ್ ಮೆಕ್ಲಾಫ್ಲಿನ್ ಒಂದೇ ಎಳೆ ಹಿಡಿದು ಹತ್ತು ನಿಮಿಷ ಎಳೆಯುವುದನ್ನು ಕೇಳುವ ವ್ಯವಧಾನ ಇದ್ದವರಿಗೆ ಇದು ಹಬ್ಬ. ಇಲ್ಲದವರಿಗೆ ಒಂದು ಎಲ್‌ಪಿ ಸಾಕು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಸದ್ದು ಎಲ್ಲಿಂದ ಬಂತು?

ಸಂಪೂರ್ಣ ಇದೆ ಎಂದ ಮಾತ್ರಕ್ಕೆ ಸದ್ದು ಸರಿ ಇರಬೇಕೆಂದಿಲ್ಲ. ಮೈಲ್ಸ್‌ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ಮಗ್ಗುಲಿನ ಮೂರು ಹಾಡುಗಳು 1959ರ ಮಾರ್ಚ್ 2ರಂದು ಮುದ್ರಣವಾದವು. ಆ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಜನ ಏರಿದ ಶ್ರುತಿಯನ್ನೇ ಕೇಳಿದರು, ತಟ್ಟೆಯ ಜೊತೆ ಅಭ್ಯಾಸ ಮಾಡಿದ ವಾದಕರು ತಮ್ಮ ವಾದ್ಯದ ಮೇಲೆ ಅನುಮಾನಪಟ್ಟರು. ಪಕ್ಕದಲ್ಲೇ ಓಡುತ್ತಿದ್ದ ಎರಡನೇ ಯಂತ್ರದ ಟೇಪು ಸರಿಯಾಗಿತ್ತು, ಅದರಿಂದ ತಿದ್ದಿದ ಪ್ರತಿ 1992ರಲ್ಲಿ ಬಂತು. ಹಳೆಯ ಪ್ರತಿ ಕೊಳ್ಳುವವರು ಇದನ್ನು ನೆನಪಿಟ್ಟಿರಬೇಕು.

78ರ ತಟ್ಟೆಗಳ ಕಾಲದ್ದಕ್ಕೆ ತೊಂದರೆ ಹೆಚ್ಚು. ಬಹಳ ಕಡೆ ಮೂಲ ಲೋಹದ ಅಚ್ಚು ಉಳಿದಿಲ್ಲ. ಸಂಗ್ರಾಹಕರ ಮನೆಯ ತಟ್ಟೆಯೇ ಗತಿ. ಅದರಿಂದ ಸದ್ದನ್ನು ಸಿಡಿಗೆ ಇಳಿಸುವಾಗ ನಾಲ್ಕು ಕಡೆ ಎಡವಬಹುದು. ಮೊದಲನೆಯದು ಮುಳ್ಳು. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 25 ಮೈಕ್ರಾನ್, 78ರ ಗೀರಿಗೆ ಅದರ ಮೂರರಷ್ಟು ಬೇಕು. ಸಣ್ಣ ಮುಳ್ಳು ಗೀರಿನ ತಳಕ್ಕೆ ಬಿದ್ದು ಕಸವನ್ನೇ ನುಡಿಸುತ್ತದೆ. ವೇಗವೂ ಹಾಗೆಯೇ. ತಟ್ಟೆಯ ಮೇಲೆ 78 ಎಂದಿದ್ದರೂ 1920ರ ದಶಕದಲ್ಲಿ ಸ್ಟುಡಿಯೋದಿಂದ ಸ್ಟುಡಿಯೋಗೆ ಅದು ಬದಲಾಗುತ್ತಿತ್ತು. ನೂರಕ್ಕೆ ಆರರಷ್ಟು ತಪ್ಪಿದರೆ ಅರ್ಧ ಸ್ವರವೇ ಆಚೀಚೆ. ಮೂರನೆಯದು ಮಂದ್ರ ಮತ್ತು ತಾರದ ಹೊಂದಾಣಿಕೆ, 1950ರ ದಶಕದ ನಡುವಿನವರೆಗೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಕಡೆಯದು, ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು, ಗೊರಗೊರ ತೆಗೆಯುವ ಕಂಪ್ಯೂಟರ್ ಉಪಾಯ. ಅತಿಯಾದರೆ ಗೊರಗೊರದ ಜೊತೆ ಸಿಂಬಲ್ಲಿನ ಮಿಂಚು, ತುತ್ತೂರಿಯ ತುದಿಯ ಉಸಿರು, ಕೋಣೆಯ ಗಾಳಿ ಎಲ್ಲ ಹೋಗಿ ವಾದ್ಯಗಳು ನೀರೊಳಗಿಂದ ಕೇಳಿಸುತ್ತವೆ. ಹಾಡಿನ ಕೊನೆಯ ಸ್ವರ ಕರಗುವ ಕ್ಷಣ ಆಲಿಸಿ. ಗೊರಗೊರ ಸಮವಾಗಿ ಕೊನೆಯವರೆಗೆ ಇದ್ದರೆ ಒಳ್ಳೆಯದು; ಸ್ವರದ ಹಿಂದೆ ಉಸಿರಾಡಿದಂತೆ ಏರಿಳಿದರೆ ಕೈ ಆಡಿಸಿದ್ದಾರೆಂದು ತಿಳಿಯಿರಿ.

ಲೂಯಿ ಆರ್ಮ್‌ಸ್ಟ್ರಾಂಗ್‌ರ ಹಾಟ್ ಫೈವ್, ಹಾಟ್ ಸೆವೆನ್ ಮುದ್ರಣಗಳು (1925–28) ಇದಕ್ಕೆ ಪಾಠದಂತಿವೆ. ಅವಕ್ಕೆ ಆಲ್ಟರ್ನೇಟ್ ಟೇಕುಗಳು ತೀರಾ ಕಡಿಮೆ, ಹಾಗಾಗಿ ಯಾರ ಪೆಟ್ಟಿಗೆ ಕೊಂಡರೂ ಹಾಡುಗಳು ಹೆಚ್ಚುಕಡಿಮೆ ಅವೇ. ವ್ಯತ್ಯಾಸ ಇಳಿಸಿದ ಕೈಯಲ್ಲಿ. ಮೂಲ ಹಕ್ಕಿರುವ ಕೊಲಂಬಿಯಾ 2000ದಲ್ಲಿ ನಾಲ್ಕು ಸಿಡಿಗಳ ಅಂದದ ಪೆಟ್ಟಿಗೆ ತಂದಿತು. ಅದಕ್ಕೂ ಮೊದಲು ಇಂಗ್ಲೆಂಡಿನ ಜೆಎಸ್‌ಪಿ, ಜಾನ್ ಆರ್.ಟಿ. ಡೇವಿಸ್ ಅವರ ಕೈಯಲ್ಲಿ ಇಳಿಸಿದ ನಾಲ್ಕು ಸಿಡಿಗಳನ್ನು ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಕೊಟ್ಟಿತ್ತು, ಬಹಳ ಸಂಗ್ರಾಹಕರು ಇಂದಿಗೂ ಆರಿಸುವುದು ಅದನ್ನೇ.

ಜೆಎಸ್‌ಪಿಗೆ ಹಾಗೆ ಮಾಡಲು ಸಾಧ್ಯವಾದದ್ದು ಕಾನೂನಿನಿಂದ. ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಐವತ್ತು ವರ್ಷದ್ದಾಗಿತ್ತು. ಅದನ್ನು ಎಪ್ಪತ್ತಕ್ಕೆ ಏರಿಸಿದಾಗ ಅಷ್ಟರಲ್ಲಿ ಅವಧಿ ಮುಗಿದವನ್ನು ಮತ್ತೆ ಒಳಗೆ ತರಲಿಲ್ಲ. ಹೀಗಾಗಿ 1962ರ ಕೊನೆಯೊಳಗೆ ಬಿಡುಗಡೆಯಾದದ್ದು ಅಲ್ಲಿ ಮುಕ್ತ. ನಾಲ್ಕು ಸಿಡಿಗಳಲ್ಲಿ ಎಂಟು ಆಲ್ಬಮ್ ತುಂಬಿದ ಅಗ್ಗದ ಪೆಟ್ಟಿಗೆಗಳು 1962ಕ್ಕೇ ನಿಲ್ಲುವುದು ಈ ಕಾರಣದಿಂದ. ಇವುಗಳಲ್ಲಿ ಜೆಎಸ್‌ಪಿಯಂಥವು ತಾವೇ ತಟ್ಟೆ ಹುಡುಕಿ ಇಳಿಸುತ್ತವೆ; ಇನ್ನು ಕೆಲವು ಬೇರೆಯವರ ಸಿಡಿಯಿಂದಲೇ ನಕಲು ಮಾಡುತ್ತವೆ. ಇಳಿಸಿದವರ ಹೆಸರು, ಸೆಶನ್ (ಮುದ್ರಣದ ಬೈಠಕ್) ತಾರೀಖು, ವಾದಕರ ಪಟ್ಟಿ ಯಾವುದೂ ಇಲ್ಲದ ಪೆಟ್ಟಿಗೆ ಬಹುಮಟ್ಟಿಗೆ ಎರಡನೇ ಜಾತಿಯದು.

ಕೈಗೆ ಬಂದ ಮೇಲೆ

ಹಳೆಯ ಪೆಟ್ಟಿಗೆ ಕೊಳ್ಳುವಾಗ ಮಾರುವವರಿಂದ ಪುಸ್ತಿಕೆಯ ಫೋಟೋ ಕೇಳಿ. ಮೊಸಾಯಿಕ್‌ನಂಥ ಪೆಟ್ಟಿಗೆಗಳಲ್ಲಿ ಎಲ್‌ಪಿ ಗಾತ್ರದ ಪುಸ್ತಿಕೆಯೇ ಅರ್ಧ ಮೌಲ್ಯ. ಯಾವ ಟೇಕ್ ಯಾವ ದಿನ, ಯಾರು ನುಡಿಸಿದ್ದು ಎಂಬುದೆಲ್ಲ ಇರುವುದು ಅಲ್ಲಿ. ಸ್ಟ್ರೀಮಿಂಗ್‌ನಲ್ಲಿ ಇದೇ ಹಾಡುಗಳು ಸಿಕ್ಕರೂ ಈ ವಿವರ ಸಿಗುವುದಿಲ್ಲ. ಯಾವ ಅಚ್ಚಿನ ಪ್ರತಿ ಎಂದು ತಿಳಿಯಲು ಸಿಡಿಯ ಒಳ ಉಂಗುರದ ಸಂಖ್ಯೆಗಳನ್ನು ಡಿಸ್ಕಾಗ್ಸ್ ಜಾಲತಾಣದ ನಮೂದಿಗೆ ಹೋಲಿಸಿ ನೋಡಿ. ಹೊರದೇಶದಿಂದ ತರಿಸುವವರು ತೂಕದ ಲೆಕ್ಕ ಹಾಕಬೇಕು: 180 ಗ್ರಾಮಿನ ಹತ್ತು ಎಲ್‌ಪಿಗಳೇ 1.8 ಕಿಲೋ, ರಟ್ಟು ಪುಸ್ತಿಕೆ ಸೇರಿದರೆ ಮೂರರ ಹತ್ತಿರ. ನಮ್ಮ ಕಸ್ಟಮ್ಸ್ ಸುಂಕ ಹಾಕುವುದು ಸಾಗಣೆ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ, ಅದರ ಮೇಲೆ ಮತ್ತೆ ಜಿಎಸ್‌ಟಿ. ಅದೇ ಪೆಟ್ಟಿಗೆಯ ಸಿಡಿ ಆವೃತ್ತಿ ತರಿಸಿದರೆ ಖರ್ಚು ಎಷ್ಟೋ ಇಳಿಯುತ್ತದೆ.

ಪೆಟ್ಟಿಗೆ ಬಂದ ವಾರದಲ್ಲೇ ಎಲ್ಲ ಸಿಡಿಗಳನ್ನೂ ಕೊನೆಯ ಹಾಡಿನವರೆಗೆ ಪರೀಕ್ಷಿಸಿ. ಸಿಡಿ ಒಳಗಿನಿಂದ ಹೊರಕ್ಕೆ ಓದುವುದರಿಂದ ಅಂಚಿನ ಕೆಡುಕು ಗೊತ್ತಾಗುವುದು ಕೊನೆಯ ಹಾಡುಗಳಲ್ಲಿ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ ಅಚ್ಚಾದ ಸಿಡಿಗಳಲ್ಲಿ ಅಂಚಿನಿಂದ ಕಂಚಿನ ಬಣ್ಣ ಹಬ್ಬುವ ರೋಗವಿದೆ, ಮದ್ದಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ಸಿಡಿಯ ಮೇಲೆ ಇಡುತ್ತಿದ್ದ ಸ್ಪಂಜಿನ ಹಾಳೆ ಕಂಡರೆ ಆಗಲೇ ತೆಗೆದು ಬಿಸಾಡಿ. ಅದು ಕರಗಿ ಅಂಟಿಕೊಂಡು ಸಿಡಿಯ ಮುದ್ರಣ ಮಗ್ಗುಲನ್ನು ತಿನ್ನುತ್ತದೆ. ಬಿಗಿ ರಟ್ಟಿನ ಜೇಬುಗಳಿಂದ ಸಿಡಿ ಎಳೆದಾಗಲೆಲ್ಲ ಗೀರು ಬೀಳುತ್ತದೆ, ಸಿಡಿಗಳನ್ನು ಬೇರೆ ಮೆತ್ತನೆ ಕವರಿಗೆ ಹಾಕಿ ಪೆಟ್ಟಿಗೆಯ ಪಕ್ಕ ಇಡುವುದು ಮೇಲು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಮಳೆಗಾಲವೇ ದೊಡ್ಡ ಶತ್ರು. ಬೂಷ್ಟು ಮೊದಲು ಹಿಡಿಯುವುದು ರಟ್ಟಿಗೆ, ಆಮೇಲೆ ಪುಸ್ತಿಕೆಗೆ, ಕೊನೆಗೆ ಎಲ್‌ಪಿಯ ಗೀರಿಗೆ. ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಸಿಲಿಕಾ ಜೆಲ್ ಇಟ್ಟರೆ ಸಾಲದು, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಬೇಕು. ಪಿವಿಸಿ ಕವರಿನಲ್ಲಿ ಎಲ್‌ಪಿ ಇಟ್ಟರೆ ಮೇಲ್ಮೈ ಮಸುಕಾಗಿ ಸದಾ ಹಿಸ್ ಎನ್ನುತ್ತದೆ, ಪಾಲಿಎಥಿಲೀನ್ ಒಳಕವರು ಸರಿ. ಎಲ್‌ಪಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಮಲಗಿಸಬಾರದು, ಕೆಳಗಿನದು ಸೊಟ್ಟಗಾಗುತ್ತದೆ.

ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶವನ್ನು ಸೆಕ್ಯೂರ್ (ಮತ್ತೆ ಮತ್ತೆ ಓದಿ ಪರೀಕ್ಷಿಸುವ) ಕ್ರಮದಲ್ಲಿ ಓಡಿಸಿ, ಬೇರೆಯವರು ಇಳಿಸಿದ್ದರ ಜೊತೆ ತಾಳೆ ನೋಡುವ ಅಕ್ಯುರೇಟ್‌ರಿಪ್ ಹೋಲಿಕೆ ಸರಿಬಂದರೆ ಪ್ರತಿ ನಿಖರ ಎಂದು ತಿಳಿಯಬಹುದು. ಸದ್ದು ಕೆಡಿಸದೆ ಗಾತ್ರ ಇಳಿಸುವ ಫ್ಲ್ಯಾಕ್ ರೂಪದಲ್ಲಿಟ್ಟರೆ ಎಂಟು ಸಿಡಿಗಳು ಎರಡು-ಮೂರು ಜಿಬಿಯಲ್ಲಿ ಮುಗಿಯುತ್ತವೆ. ಕಡತದ ಹೆಸರಿನ ಮೊದಲಿಗೆ ಸೆಶನ್ ತಾರೀಖನ್ನು ಇಸವಿ, ತಿಂಗಳು, ದಿನದ ಕ್ರಮದಲ್ಲಿ ಹಾಕಿ, ಆಮೇಲೆ ಹಾಡು, ಆಮೇಲೆ ಟೇಕ್: 1961-06-25, ‘ಆಲ್ ಆಫ್ ಯೂ’, ಟೇಕ್ 2, ಈ ರೀತಿ. ಹೀಗೆ ಮಾಡಿದರೆ ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳೂ ಒಂದೇ ಕಾಲಾನುಕ್ರಮದಲ್ಲಿ ತಾವಾಗಿಯೇ ಸಾಲುಗೂಡುತ್ತವೆ: ಮಾಂಕ್‌ರ ಬ್ಲೂ ನೋಟ್, ಪ್ರೆಸ್ಟೀಜ್, ರಿವರ್‌ಸೈಡ್ ಎಲ್ಲ. ಕಛೇರಿಯ ಸಿಡಿಗಳಿಗೆ ಹಾಡುಗಳ ನಡುವೆ ತಡೆ ಬಾರದ ಪ್ಲೇಯರ್ ಬೇಕು, ಇಲ್ಲವಾದರೆ ಚಪ್ಪಾಳೆ ತುಂಡಾಗುತ್ತದೆ. ಇಳಿಸಿದ್ದರ ಎರಡು ಪ್ರತಿ ಬೇರೆ ಬೇರೆ ಡಿಸ್ಕ್‌ನಲ್ಲಿರಲಿ. ಸೀಮಿತ ಮುದ್ರಣದ ಪೆಟ್ಟಿಗೆಯಲ್ಲಿ ಒಂದು ಸಿಡಿ ಕೆಟ್ಟರೆ ಅದೊಂದನ್ನೇ ಯಾರೂ ಮಾರುವುದಿಲ್ಲ, ಮತ್ತೊಂದು ಪೆಟ್ಟಿಗೆಯನ್ನೇ ಕೊಳ್ಳಬೇಕಾಗುತ್ತದೆ.